ಕಿವಿಗೆ ಹತ್ತಿ ಇಟ್ಟುಕೊಂಡ ಅಭಿಮಾನ

(ರಾಜ್ಯೋತ್ಸವದ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನಿಮ್ಮ ಕರಪತ್ರ, ಪೋಸ್ಟರುಗಳನ್ನು ಅಚ್ಚು ಹಾಕುವವನು. ಇವತ್ತು ಪರಭಾಷೆಯವರನ್ನು ಬೈಯುತ್ತೇನೆ ಎಂದು ಕಾದಿದ್ದರೆ ಕ್ಷಮಿಸಿ. ಬೈಯಬೇಕಾದದ್ದು ನಮ್ಮನ್ನೇ, ಮೊದಲು ನನ್ನನ್ನು.

ವಿಷಯ ಡಬ್ಬಿಂಗ್. 1960ರ ದಶಕದಲ್ಲಿ ಹಿರಿಯರು ಡಬ್ಬಿಂಗ್ ಬೇಡ ಎಂದು ಹೋರಾಡಿದರು. ಆಗ ಕನ್ನಡ ಚಿತ್ರ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನಲ್ಲಿ, ಅದೂ ವರ್ಷಕ್ಕೆ ಕೆಲವೇ ಕೆಲವು. ನಮ್ಮ ಕಲಾವಿದನ ಅನ್ನ ಉಳಿಯಬೇಕಿತ್ತು. ಆ ಹೋರಾಟ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಸಿಗೆ ಕಟ್ಟಿದ ಬೇಲಿ ಮರಕ್ಕೂ ಬೇಕೇ ಎಂದು ನಾವು ಐವತ್ತು ವರ್ಷ ಕೇಳಿಕೊಳ್ಳಲಿಲ್ಲ. ಕೇಳಿದವನನ್ನು ದ್ರೋಹಿ ಎಂದೆವು.

2014ರ ಜನವರಿಯಲ್ಲಿ ಡಬ್ಬಿಂಗ್ ವಿರೋಧಿಸಿ ಬಂದ್ ನಡೆಯಿತಲ್ಲ, ಅದರ ಹಿಂದಿನ ವಾರ ನನ್ನ ಪ್ರೆಸ್ಸಿನಲ್ಲಿ ಹಗಲು ರಾತ್ರಿ ವಿರೋಧದ ಪೋಸ್ಟರೇ. ಆಗ ಒಬ್ಬ ಹುಡುಗ ಬಂದ. ಎರಡು ಸಾವಿರ ಕರಪತ್ರ ಬೇಕು ಅಂದ. ಶೀರ್ಷಿಕೆಯಲ್ಲಿ 'ಡಬ್ಬಿಂಗ್ ಬೇಕು' ಅಂತಿತ್ತು. ಮುಂದೆ ಓದಲಿಲ್ಲ. "ಯಾರ ಏಜೆಂಟಪ್ಪಾ ನೀನು?" ಅಂದೆ. "ಓದಿ ಬೈಯಿರಿ ಸಾರ್" ಅಂದ. ಆಚೆ ಕಳಿಸಿದೆ. ಅವನು ಬಿಟ್ಟುಹೋದ ಹಾಳೆಯಲ್ಲಿ ಇಂಕಿನ ಕೈ ಒರೆಸಿದೆ.

ನಿಲುವಿಗೂ ಮೊಂಡುತನಕ್ಕೂ ಇರುವ ವ್ಯತ್ಯಾಸ ಇಷ್ಟೇ ಸ್ವಾಮಿ. ನಿಲುವು ಇರುವವನು ಎದುರಾಳಿ ಹೇಳಿದ್ದೇನು ಎಂದು ಕೇಳುತ್ತಾನೆ. ಮೊಂಡ ಅವನನ್ನು ಕಳಿಸಿದವರು ಯಾರು ಎಂದು ಕೇಳುತ್ತಾನೆ. ಪುಟ ಜೋಡಿಸಿದವನ ಕಣ್ಣಿಗೆ ಅವನ ತಪ್ಪು ಬೀಳುವುದಿಲ್ಲ, ಅದಕ್ಕೇ ಪ್ರೂಫನ್ನು ಇನ್ನೊಬ್ಬರ ಕೈಗೆ ಕೊಡುತ್ತೇವೆ. ಪ್ರೆಸ್ಸಿನಲ್ಲಿ ಇಷ್ಟು ಗೊತ್ತಿದ್ದವನಿಗೆ ಸಭೆಯಲ್ಲಿ ಗೊತ್ತಾಗಲಿಲ್ಲ.

ನಾವು ಮಾಡಿದ್ದೇನು ನೋಡಿ. 2012ರಲ್ಲಿ 'ಸತ್ಯಮೇವ ಜಯತೇ' ಎಂಬ ಟಿವಿ ಕಾರ್ಯಕ್ರಮವನ್ನು ತಮಿಳರು ತಮಿಳಿನಲ್ಲಿ, ತೆಲುಗರು ತೆಲುಗಿನಲ್ಲಿ ನೋಡಿದರು. ಕನ್ನಡಿಗನಿಗೆ ಹಿಂದಿಯೇ ಗತಿ. ಹಿಂದಿ ಹೇರಿಕೆ ವಿರೋಧಿಸುವ ನಾವೇ ನಮ್ಮ ಜನರನ್ನು ಹಿಂದಿಯ ಮುಂದೆ ಕೂರಿಸಿದೆವು!

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದಿತು. ಆಗಲೂ ನಾನು ಬದಲಾಗಲಿಲ್ಲ. ಆದೇಶದಿಂದ ಬಾಯಿ ಮುಚ್ಚಬಹುದು, ಕಿವಿ ತೆರೆಯುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಪ್ರೆಸ್ ಮುಚ್ಚಿ ಮನೆಯಲ್ಲಿ ಕೂತಿದ್ದೆ. ಟಿವಿಯಲ್ಲಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬರುತ್ತಿತ್ತು. ನಮ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಮೊದಲೆಲ್ಲ ಹಿಂದಿ ಧಾರಾವಾಹಿ ಹಾಕಿದರೆ ಮುಖ ನೋಡಿ ಕಥೆ ಊಹಿಸುತ್ತಿದ್ದರು. ಈಗ ಕರ್ಣನ ಮಾತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇದನ್ನ ಮೊದಲೇ ಯಾಕೋ ಕನ್ನಡದಲ್ಲಿ ಹಾಕಲಿಲ್ಲ?" ಎಂದು ಕೇಳಿದರು. ನಾವೇ ಬಿಡಲಿಲ್ಲಮ್ಮ ಅನ್ನಲು ನಾಲಿಗೆ ಬರಲಿಲ್ಲ.

ಡಬ್ಬಿಂಗ್ ಕನ್ನಡ ಎಷ್ಟೋ ಕಡೆ ಗೋಂದು ಹಚ್ಚಿ ಅಂಟಿಸಿದ ಹಾಗಿರುತ್ತದೆ, ಆ ಜಗಳ ನನಗೆ ಈಗಲೂ ಇದೆ. ಆದರೆ ಚಿತ್ರರಂಗ ಮುಳುಗುತ್ತದೆ ಎಂದು ಅಚ್ಚು ಹಾಕಿದ್ದೆನಲ್ಲ? 2022ರಲ್ಲಿ 'ಕಾಂತಾರ' ಹಿಂದಿಗೆ, ತೆಲುಗಿಗೆ ಡಬ್ ಆಗಿ ಗೆದ್ದಾಗ ಪಟಾಕಿ ಹೊಡೆದವರೂ ನಾವೇ.

ಆ ಹುಡುಗ ಮತ್ತೆ ಬರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಪರಿಚಯವಿದ್ದರೆ ಹೇಳಿ, ಅವನ ಎರಡು ಸಾವಿರ ಕರಪತ್ರ ಬಾಕಿ ಇದೆ. ದುಡ್ಡು ಬೇಡ.