ಕೊಳಗದ ಲೆಕ್ಕ

(ಸಾಗರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ‘ಅಲ್ ಮುತಫ್ಫಿಫೀನ್’ ಅಳತೆಯಲ್ಲಿ ಮೋಸ ಮಾಡುವವರ ಕುರಿತದ್ದು. ತಾವು ಪಡೆಯುವಾಗ ತುಂಬ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರನ್ನು ಅದು ಎಚ್ಚರಿಸುತ್ತದೆ. ಅದನ್ನು ಓದುವಾಗ ಸಾಗರದವರಾದ ನಮಗೆ ಕಾಗೋಡು ನೆನಪಾಗಬೇಕು.

1951ರಲ್ಲಿ ಅಲ್ಲಿ ಹೋರಾಟ ಹುಟ್ಟಿದ್ದು ಅಳತೆಯ ಪಾತ್ರೆಯೊಂದರಿಂದ. ಗೇಣಿ ಭತ್ತವನ್ನು ಭೂಮಾಲೀಕರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಮೂರು ಸೇರಿನ ಕೊಳಗದಲ್ಲೇ ಅಳೆಯಿರಿ ಎಂದರು ದೀವರ ರೈತರು. ಮಾಲೀಕರು ಒಪ್ಪಲಿಲ್ಲ. ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ಗದ್ದೆಗಿಳಿದು ಜೈಲಿಗೆ ಹೋದರು, ಹೆಂಗಸರು ಕೂಡ. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾರನ್ನು ಬಂಧಿಸಿದ್ದು ನಮ್ಮದೇ ರೈಲು ನಿಲ್ದಾಣದಲ್ಲಿ. ಉಳುವವನನ್ನೇ ಭೂಮಿಯ ಒಡೆಯನಾಗಿಸುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ತಡವಾಯಿತು, ಆದರೂ ಕಾನೂನಿನಿಂದಲೇ ಆಯಿತು.

ಗೇಣಿ ರೈತ ಗುಲಾಮನಲ್ಲ, ನಿಜ. ಆದರೆ ಇನ್ನೊಬ್ಬನ ಬೆವರು ತನ್ನ ಸೊತ್ತು ಎಂಬ ಭಾವನೆಯನ್ನು ತಿದ್ದದೆ ಬಿಟ್ಟರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿ ಮನುಷ್ಯರನ್ನೇ ಕೊಂಡು ಮಾರುತ್ತಿದ್ದರು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂದು ಉತ್ತರದವರೂ ದಕ್ಷಿಣದವರೂ ಕಿತ್ತಾಡಿದರು. 1820ರಲ್ಲಿ ಒಂದು ರಾಜಿ, 1850ರಲ್ಲಿ ಇನ್ನೊಂದು. ಯಾವುದರಲ್ಲೂ ಗುಲಾಮನನ್ನು ಯಾರೂ ಕೇಳಲಿಲ್ಲ. ಎರಡನೆಯದರ ಜೊತೆ, ಓಡಿಹೋದವನನ್ನು ಹಿಡಿದು ಒಡೆಯನಿಗೆ ಒಪ್ಪಿಸುವ ಕಠಿಣ ಕಾನೂನೂ ಬಂತು. 1857ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಪ್ಪು ಜನರು ದೇಶದ ಪ್ರಜೆಗಳಾಗಲಾರರು ಎಂದು ತೀರ್ಪಿತ್ತಿತು. 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ನಾಲ್ಕು ವರ್ಷಗಳಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು.

ಆ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ವಿದ್ವಾಂಸ ಉಮರ್ ಇಬ್ನ್ ಸಈದ್ 1831ರಲ್ಲಿ ತಮ್ಮ ಬದುಕಿನ ಕತೆಯನ್ನು ಅರಬಿಯಲ್ಲಿ ಬರೆದರು. ಮೊದಲಿಗೆ ಬರೆದದ್ದು ಸೂರಃ ಅಲ್ ಮುಲ್ಕ್. ಒಡೆತನವೆಲ್ಲ ಅಲ್ಲಾಹನದು ಎನ್ನುವ ಅಧ್ಯಾಯ! ಅದನ್ನು ಬರೆಯುವಾಗ ಅವರಿಗೊಬ್ಬ ಒಡೆಯನಿದ್ದ. ಅವರು ಬಿಡುಗಡೆ ಕಾಣದೆ ತೀರಿಕೊಂಡರು.

ಇದನ್ನು ಹೇಳಿ ನಾವು ಬೀಗುವಂತಿಲ್ಲ. ಗುಲಾಮರನ್ನು ಬಿಡಿಸುವುದು ಪುಣ್ಯವೆಂದು ಕಲಿತ ಮುಸ್ಲಿಂ ನಾಡುಗಳಲ್ಲೂ ಗುಲಾಮರ ಸಂತೆಗಳಿದ್ದವು. ಇಂದು ನಮ್ಮಲ್ಲೂ, ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗಕೂಡದು ಎಂದು ಕೆಲಸದಾಳಿಗೆ ಹೇಳುವವರಿದ್ದರೆ, ಅದು ಜೀತ. 1976ರ ಕಾಯಿದೆಯಂತೆ ಅಪರಾಧ.

ಮಸೀದಿಯ ಗೋಡೆ ಕಟ್ಟಿದವರ ಕೂಲಿಯನ್ನು ನಾವೇ ಎರಡು ವಾರ ತಡಮಾಡಿದ್ದೆವು. ಈ ಖುತುಬಾ ಸಿದ್ಧಪಡಿಸುವಾಗ ನೆನಪಾಗಿ, ನಿನ್ನೆ ಅವರ ಮನೆಗೇ ಹೋದೆವು. ಅವರು ಎಣಿಸದೆ ಜೇಬಿಗಿಡಲು ಹೊರಟರು. ತಡೆದು, ಎದುರಿಗೇ ಎಣಿಸಿ ಕೊಟ್ಟೆವು.