ಅಪರಿಚಿತರಿಗೆ ಹೇಳುವ ಬುದ್ಧಿಮಾತು ಮತ್ತು ಸತ್ಯಾಣುವ್ರತ

(ಕೋಲ್ಕತ್ತದ ಲೇಕ್ ಮಾರ್ಕೆಟ್ ಸಮೀಪದ ಮನೆಯೊಂದರಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಲೇಕ್ ಮಾರ್ಕೆಟ್ಟಿಗೆ ನಾವೆಲ್ಲರೂ ಮೊದಲು ಬಂದದ್ದು ಬಾಳೆಲೆ, ಮಲ್ಲಿಗೆ, ಕಾಫಿಪುಡಿಗಳನ್ನು ಹುಡುಕಿಕೊಂಡು. ರಾಸ್‌ಬಿಹಾರಿ ಅವೆನ್ಯೂವಿನ ಈ ಆಸುಪಾಸು ಹಲವು ದಶಕಗಳಿಂದ ದಕ್ಷಿಣದವರ ನೆಲೆ. ಅವರಲ್ಲಿ ತಮಿಳರೇ ಹೆಚ್ಚು. ಊರಿನವರ ಕಣ್ಣಿಗೆ ನಾವೆಲ್ಲರೂ ‘ಮದ್ರಾಸಿ’ಗಳೇ. ಆದರೆ ಇಲ್ಲಿಂದ ನಾವು ಮನೆಗೆ ಒಯ್ದದ್ದು ಬರಿಯ ಸಾಮಾನನ್ನಲ್ಲ, ಸಲಹೆಯನ್ನೂ ಒಯ್ದೆವು. ಬಾಡಿಗೆ ಮನೆ ಎಲ್ಲಿ ಸಿಕ್ಕೀತು, ಬೆಳಗಛಿಯಾದ ದಿಗಂಬರ ಬಸದಿಗೆ ಹೇಗೆ ಹೋಗುವುದು, ಶಿಖರ್ಜಿಗೆ ಹೊರಟವರು ಹೌರಾದಲ್ಲಿ ಯಾವ ರೈಲನ್ನು ಹಿಡಿದು ಪಾರಸನಾಥದಲ್ಲಿ ಇಳಿಯಬೇಕು ಎಂಬುದನ್ನೆಲ್ಲ, ಹೂವಿನಂಗಡಿಯ ಮುಂದೆ ಕನ್ನಡ ಕಿವಿಗೆ ಬಿದ್ದೊಡನೆ, ಹೆಸರೂ ತಿಳಿಯದವರನ್ನು ನಿಲ್ಲಿಸಿ ಕೇಳಿದ್ದೇವೆ. ಅವರು ಹೇಳಿದ್ದರಿಂದಲೇ ಈ ಊರು ನಮಗೆ ಊರಾಯಿತು.

ಈಗ ಕೇಳುವ ಸರದಿ ಹೊಸಬರದು, ಹೇಳುವ ಸರದಿ ನಮ್ಮದು. ಪ್ರಶ್ನೆ ಮಾತ್ರ ಬದಲಾಗಿದೆ. ಕೈಯಲ್ಲಿರುವ ಫೋನನ್ನು ಮುಂದೆ ಚಾಚಿ, “ಇದನ್ನು ಸ್ವಲ್ಪ ನೋಡುತ್ತೀರಾ?” ಎನ್ನುತ್ತಾರೆ. ಈ ವಿಷಯದಲ್ಲಿ ನನ್ನಿಂದಾದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೆಂದೇ ಇಂದು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಮಗನ ಮನೆಗೆ ಬಂದಿದ್ದ ಹಿರಿಯ ಶ್ರಾವಿಕೆಯೊಬ್ಬರು ಇಲ್ಲಿಯೇ ತರಕಾರಿ ಕೊಳ್ಳುವಾಗ ನನಗೆ ಪರಿಚಯವಾದರು. ಫೋನು ತೀರ ನಿಧಾನವಾಗಿದೆ ಎಂದರು. ನಾನು ತಂತ್ರಜ್ಞಾನ ಬಲ್ಲವನೆಂಬ ಹಮ್ಮಿನಲ್ಲಿ, “ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸೋಣ, ಅಳಿಸಿದ್ದೆಲ್ಲ ತಾನಾಗಿಯೇ ಹಿಂದಿರುಗುತ್ತದೆ” ಎಂದೆ. ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಯಿತು. ಹೆಸರುಗಳು ಬಂದವು, ಚಿತ್ರಗಳೂ ಬಂದವು. ಬಾರದೆ ಉಳಿದದ್ದು ಒಂದೇ. ತೀರಿಹೋದ ಪತಿ ಭಕ್ತಾಮರ ಸ್ತೋತ್ರವನ್ನು ಪಠಿಸಿದ್ದ ಧ್ವನಿಮುದ್ರಣ. ಅದು ಆ ಫೋನಿನ ಒಡಲಲ್ಲಿ ಮಾತ್ರ ಇತ್ತು. ಫೋನಿನ ಖಾತೆಗೆ ನಕಲಾಗುವ ವಸ್ತುಗಳಲ್ಲಿ ಧ್ವನಿಮುದ್ರಣದ ಕಡತಗಳು ಅನೇಕ ವೇಳೆ ಸೇರಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ. ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಅವರು ಸಿಟ್ಟಾಗಲಿಲ್ಲ. “ಅದರಲ್ಲಿ ಏನಿದೆ ಎಂದು ನೀವು ನನ್ನನ್ನು ಕೇಳಲೇ ಇಲ್ಲವಲ್ಲಪ್ಪಾ” ಎಂದರು, ಅಷ್ಟೇ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಎಂದರೆ ತಪ್ಪು ದಾರಿ ತೋರಿಸುವ ಮಾತು. ಎರಡನೆಯದು ರಹೋಭ್ಯಾಖ್ಯಾನ, ಎಂದರೆ ಗುಟ್ಟನ್ನು ಬಯಲು ಮಾಡುವುದು. ಬಾಲ್ಯದಿಂದ ಇವನ್ನು ಕಂಠಪಾಠ ಮಾಡಿದ್ದೇನೆ. ಆದರೆ ಮಿಥ್ಯೋಪದೇಶವೆಂದರೆ ಕಪಟಿಯ ಕೆಲಸವೆಂದೇ ತಿಳಿದಿದ್ದೆ. ಪರೋಪಕಾರದ ಬುದ್ಧಿಯಿಂದ ಆಡಿದ ಮಾತೂ ಪ್ರಮಾದದಿಂದ ಆಡಿದರೆ ಅದರ ಬಳಿಗೇ ಹೋಗಿ ನಿಲ್ಲುತ್ತದೆ ಎಂದು ನನಗೆ ಕಲಿಸಿದವರು ಆ ತಾಯಿ.

ಆದುದರಿಂದ ಸಲಹೆ ಕೊಡುವುದನ್ನೇ ಬಿಡಬೇಕೆ? ಕೂಡದು. ನಾವು ಬಾಯಿ ಮುಚ್ಚಿದರೆ ಮಾತನಾಡಲು ವಂಚಕರು ಸಿದ್ಧರಿದ್ದಾರೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, “ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ” ಎಂದು ಹೆದರಿಸಿ ವೃದ್ಧರ ಆಯುಷ್ಯದ ಉಳಿತಾಯವನ್ನು ದೋಚುವವರ ವಿಷಯ ನೀವೆಲ್ಲರೂ ಬಲ್ಲಿರಿ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳೇ ತಮ್ಮ ‘ಮನ್ ಕೀ ಬಾತ್’ನಲ್ಲಿ ಈ ಬಗ್ಗೆ ಎಚ್ಚರಿಸಬೇಕಾಯಿತು.

ಇಲ್ಲಿ ಸ್ಯಾದ್ವಾದದ ಮಾತೊಂದನ್ನು ಹೇಳಬೇಕು. ‘ಸ್ಯಾತ್’ ಎಂದರೆ ಅನುಮಾನವಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ನಿಜವೆಂಬುದನ್ನು ಸ್ಪಷ್ಟಪಡಿಸುವ ಶಿಸ್ತು ಅದು. ಯಾವ ಫೋನು ಕೊಳ್ಳಲಿ, ಮಗ ಇಂಜಿನಿಯರಿಂಗ್ ಓದಲೇ, ಊರಿನ ಮನೆ ಮಾರಲೇ ಎಂಬ ಪ್ರಶ್ನೆಗಳಿಗೆ ಉತ್ತರ ಕೇಳುವವರ ಸ್ಥಿತಿಯನ್ನು ಅವಲಂಬಿಸಿದೆ. ಅಲ್ಲಿ “ನನಗೆ ತಿಳಿದ ಮಟ್ಟಿಗೆ, ನಿಮ್ಮ ಸ್ಥಿತಿ ಹೀಗಿದ್ದರೆ” ಎಂಬ ಎಲ್ಲೆ ಹಾಕಿಯೇ ಮಾತನಾಡಬೇಕು. ಆದರೆ ಎಲ್ಲೆ ಬೇಡದ ಮಾತುಗಳೂ ಇವೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡುವಾಗ ಮಾತ್ರ ಒತ್ತಬೇಕು. ಹಣ ಹೋದರೆ ತಕ್ಷಣ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಇವನ್ನು ಅಳುಕಿಲ್ಲದೆ ಹೇಳಿರಿ. ಗಟ್ಟಿಯಾಗಿ ಹೇಳಬೇಕಾದುದನ್ನು ಅಳುಕುತ್ತ ಹೇಳುವುದೂ, ಅಳುಕಿ ಹೇಳಬೇಕಾದುದನ್ನು ಗಟ್ಟಿಯಾಗಿ ಹೇಳುವುದೂ ಒಂದೇ ಬಗೆಯ ದೋಷ.

ಇನ್ನು ರಹೋಭ್ಯಾಖ್ಯಾನ. ಇದು ನಮ್ಮ ಸಮಾಜದ ಹಳೆಯ ರೋಗ. ಮೋಸಹೋದವರು ಬಾಯಿ ಬಿಡದಿರುವುದು ಕಾನೂನು ತಿಳಿಯದೆ ಅಲ್ಲ, ನಮ್ಮ ನಾಲಗೆಗೆ ಹೆದರಿ. “ಓದಿದವರೇ ಹೀಗೆ ಮೋಸಹೋದರಂತೆ” ಎಂಬ ಸುದ್ದಿ ಕೋಲ್ಕತ್ತದಿಂದ ಮೂಡಬಿದಿರೆಗೆ ಒಂದು ಗಂಟೆಯಲ್ಲಿ ತಲುಪುತ್ತದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳದು ಎಂದು ಹೇಳಿತ್ತು. ಗುಪ್ತ ಸಂಖ್ಯೆಯನ್ನು ತಾನೇ ಹಂಚಿಕೊಂಡಿದ್ದರೂ, ತಿಳಿಸಿದ ಬಳಿಕ ಆಗುವ ನಷ್ಟ ಬ್ಯಾಂಕಿನದು ಎಂದಿತ್ತು. ಎಂದರೆ ಮೌನದ ಪ್ರತಿ ಗಳಿಗೆಗೂ ಬೆಲೆಯಿದೆ. ಆ ಮೌನವನ್ನು ಹುಟ್ಟಿಸುವವರು ನಾವೇ ಆದರೆ ಆ ನಷ್ಟದಲ್ಲಿ ನಮ್ಮ ಪಾಲೂ ಇದೆ.

ಆಳುವವರ ಹೊಣೆಯನ್ನೂ ಮರೆಯಬಾರದು. ಪಿಂಚಣಿಯಿಂದ ಹಿಡಿದು ಪಡಿತರದವರೆಗೆ ಎಲ್ಲವನ್ನೂ ಪರದೆಯ ಮೇಲೆ ತಂದವರು, ಅದನ್ನು ಬಿಡಿಸಿ ಹೇಳುವ ಕೆಲಸವನ್ನು ಮಾತ್ರ ಮಗ, ಸೊಸೆ, ದಾರಿಹೋಕರಿಗೆ ಬಿಟ್ಟಿದ್ದಾರೆ. ಕನ್ನಡ ಮಾತ್ರ ಬಲ್ಲ ತಾಯಿ ಕೋಲ್ಕತ್ತದಲ್ಲಿದ್ದರೂ ಅವಳ ಭಾಷೆಯಲ್ಲಿ ಉತ್ತರ ಸಿಗಬೇಕೆಂದು ಕೇಳುವುದು ಭಾಷಾಭಿಮಾನವಲ್ಲ, ನಾಗರಿಕಳ ಹಕ್ಕು. ಮನೆಯ ಗಂಡಸರಿಗೂ ಒಂದು ಮಾತು. ಹೆಂಡತಿಯ ಖಾತೆಯ ಪಿನ್ ನಿಮಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲವಾದರೆ, ಅದು ರಕ್ಷಣೆಯಲ್ಲ.

ನಮ್ಮಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಓದಿದ್ದೇವೆ. ಪಡೆದವರಲ್ಲಿ ಹೆಚ್ಚಿನವರು ಅವಳಿಗೆ ಅಪರಿಚಿತರೇ ಆಗಿದ್ದಿರಬೇಕು. ಸರಿಯಾದ ತಿಳಿವಳಿಕೆ ಶಾಸ್ತ್ರದಾನ, ಹೆದರಿದವರಿಗೆ ಹೇಳಿದ ಧೈರ್ಯ ಅಭಯದಾನ. ಒಳ್ಳೆಯ ಸಲಹೆಯಲ್ಲಿ ಎರಡೂ ಇವೆ.

ಕೊನೆಗೆ ಒಂದು ಬಿನ್ನಹ. ಮುಂದಿನ ಕೂಟದಿಂದ ಪೂಜೆಯ ಬಳಿಕ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡೋಣ. ಯಾರು ಬಂದು ಏನು ಕೇಳಿದರೂ ಮೊದಲು ನಾವು ಕೇಳಿಸಿಕೊಳ್ಳೋಣ, ಬಳಿಕ ಪ್ರಶ್ನಿಸೋಣ, ಆಮೇಲೆ ಹೇಳೋಣ. ಅಳಿಸುವ ಮುನ್ನ ನಕಲು ತೆಗೆಯೋಣ. ಗೊತ್ತಿಲ್ಲದ್ದನ್ನು ಬಲ್ಲವರ ಬಳಿಗೆ ಕಳುಹಿಸೋಣ. ಕೇಳಿದ್ದು ಆ ಕೋಣೆಯಲ್ಲೇ ಉಳಿಯಲಿ. ಮತ್ತು ಫೋನು ಕೊನೆಯವರೆಗೂ ಅವರ ಕೈಯಲ್ಲೇ ಇರಲಿ. ಬೆರಳು ಅವರದು, ಮಾತು ಮಾತ್ರ ನಮ್ಮದು.

ಆ ತಾಯಿ ಈಗ ಊರಿಗೆ ಮರಳಿದ್ದಾರೆ. ಅವರಲ್ಲಿ ಮತ್ತೊಮ್ಮೆ ಉತ್ತಮ ಕ್ಷಮೆಯನ್ನು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ. ಜೈ ಜಿನೇಂದ್ರ.