ಕೇರಿ ಮೊದಲು, ಚರ್ಚ್ ಆಮೇಲೆ

ಬೀದರಿನ ಹಳೆಯ ಊರಗೋಡೆಯ ಬಾಗಿಲುಗಳಲ್ಲಿ ಮಂಗಲಪೇಟೆ ದರ್ವಾಜವೂ ಒಂದು. ಮಂಗಲಪೇಟೆ ಎಂದರೆ ಇಂದು ಅನೇಕರಿಗೆ ನೆನಪಾಗುವುದು ಮೆಥೋಡಿಸ್ಟ್ ಚರ್ಚ್. ಆದರೆ ಈ ಕಥೆ ಕಟ್ಟಡದಿಂದ ಶುರುವಾಗುವುದಿಲ್ಲ.

ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದರು. ಮುಂಬೈ, ಮದರಾಸು, ಬೆಂಗಳೂರುಗಳಲ್ಲಿ ಇಂಗ್ಲಿಷ್ ಆಡುವವರನ್ನು ಸೇರಿಸಿ ಸಭೆ ಕಟ್ಟಿದರು. ಸಭೆಯ ಖರ್ಚನ್ನು ಸಭೆಯೇ ಹೊರಬೇಕು, ಹೊರಗಿನ ಹಣಕ್ಕೆ ಕಾಯಬಾರದು ಎಂಬುದು ಅವರ ಹಟ. ತಿಂಗಳ ಸಂಬಳ ಎಣಿಸುವವರ ನಡುವೆ ಅದು ನಡೆಯಿತು. 1890ರ ದಶಕದಲ್ಲಿ ಅದೇ ಪಂಗಡದ ಮಿಷನರಿಗಳು ನಿಜಾಮರ ಬೀದರಿಗೆ ಬಂದಾಗ ಕಿವಿಗೊಟ್ಟವರು ಮಾದಿಗ, ಹೊಲೆಯ ಕೇರಿಗಳ ಕೂಲಿಗಳು. ಕೈಯಲ್ಲಿ ಕಾಸಿಲ್ಲ, 1899–1900ರ ಬರ ಬೇರೆ. ಟೇಲರ್ ಲೆಕ್ಕ ಇಲ್ಲಿ ತಲೆಕೆಳಗಾಗಬೇಕಿತ್ತು.

ಆಗಲಿಲ್ಲ. ಕಾಸಿಲ್ಲದ ಕೇರಿಯಲ್ಲಿ ಬೇರೆ ಬಂಡವಾಳವಿತ್ತು: ಮಾತಿಗೆ ತೂಕವಿದ್ದ ಹಿರಿಯ, ಊರೂರಿಗೆ ಹಬ್ಬಿದ ನೆಂಟಸ್ತಿಕೆ, ಹಲಗೆ, ರಾತ್ರಿಯಿಡೀ ಹಾಡುವ ಗಂಟಲು. ಒಬ್ಬೊಬ್ಬರಾಗಿ ಅಲ್ಲ, ಮನೆಮನೆಯಾಗಿ, ಕೇರಿಕೇರಿಯಾಗಿ ಜನ ಬಂದರು. ಜಾತ್ರೆಯನ್ನೂ ಬಿಡಲಿಲ್ಲ. ಈಗ ತೆಲಂಗಾಣದಲ್ಲಿರುವ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ಮೆಥೋಡಿಸ್ಟರ ಜಾತ್ರೆ ಸೇರುತ್ತದೆ. ಗಡಿಯ ಈಚೆಯಿಂದಲೂ ಜನ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಊರಲ್ಲಿರುವ ಶಕ್ತಿಯಿಂದಲೇ ಊರು ಕಟ್ಟಬೇಕೆಂದು ಅಮೆರಿಕದ ಕ್ರೆಟ್ಸ್‌ಮನ್, ಮೆಕ್‌ನೈಟ್ 1993ರಲ್ಲಿ ಪುಸ್ತಕ ಬರೆದರು. ಕೇರಿಯವರು ಅದಕ್ಕಾಗಿ ಕಾದು ಕೂತಿರಲಿಲ್ಲ.

ಭಾಷೆಯದೂ ಒಂದು ಬಲ. ನಿಜಾಮರ ಆಡಳಿತದ ಭಾಷೆ ಉರ್ದು. ಭಾಲ್ಕಿಯಲ್ಲಿ ಮಠಾಧೀಶ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ಕಾಲ ಅದು. ಔರಾದಿನ ಕಡೆ ಮನೆಮಾತು ಮರಾಠಿ, ಮೂಡಣಕ್ಕೆ ತೆಲುಗು. ಇಂಥಲ್ಲಿ ಕನ್ನಡವೊಂದನ್ನೇ ಹಿಡಿದು ಹೊರಟಿದ್ದರೆ ಸಭೆ ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದೆ ನಾಡಿನ ಆಡಳಿತವೂ ಚರ್ಚಿನ ಆಡಳಿತವೂ ಬದಲಾದವು: 1956ರಲ್ಲಿ ಬೀದರ್ ಮೈಸೂರು ರಾಜ್ಯ ಸೇರಿತು. 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚ್ ತನ್ನ ಆಡಳಿತ ತಾನೇ ನಡೆಸತೊಡಗಿತು.

ಇನ್ನೊಂದು ಮಗ್ಗುಲೂ ಇದೆ. 1950ರ ಪರಿಶಿಷ್ಟ ಜಾತಿ ಆದೇಶ ಕ್ರೈಸ್ತರನ್ನು ಹೊರಗಿಟ್ಟಿತು. ಮೀಸಲಾತಿ ತಪ್ಪದಿರಲೆಂದು ಎಷ್ಟೋ ಕಡೆ ಭಾನುವಾರದ ಹೆಸರೇ ಒಂದು, ಶಾಲೆಯ ದಾಖಲೆಯ ಹೆಸರೇ ಇನ್ನೊಂದು. ಇದರ ಜೊತೆಗೆ, ಚರ್ಚನ್ನು ಬೆಳೆಸಿದ ನೆಂಟಸ್ತಿಕೆಯೇ ಅದಕ್ಕೆ ಬೇಲಿಯೂ ಆಯಿತು ಎಂಬುದು ನನ್ನ ಅನಿಸಿಕೆ. ಹಳ್ಳಿಯಿಂದ ಬೀದರಿಗೆ ಬಂದವರು ಬಾಡಿಗೆ ಮನೆ ಹುಡುಕುವಾಗ ಮೊದಲು ನೋಡುವುದು ತಮ್ಮವರ ಓಣಿಯನ್ನು. ಸಂಜೆ ಅಲ್ಲೇ ಯಾರದೋ ಪಡಸಾಲೆಯಲ್ಲಿ ಮನೆ ಪ್ರಾರ್ಥನೆ, ಹೆಂಗಸರದೇ ಮುಂದಾಳತ್ವ. ಹೊಸ ಸಭೆ ಹುಟ್ಟುವುದು ಹೀಗೆ. ಪಕ್ಕದ ಮನೆಯ ಬೇರೆ ಜಾತಿಯವರು ಆ ಚಾಪೆಯ ಮೇಲೆ ಬಂದು ಕೂರುವುದು ಮಾತ್ರ ಈಗಲೂ ಅಪರೂಪ.